ಬೆಳಕಿಲ್ಲದ ಕಬ್ಬಿನ ಗಾಡಿ: ಮೈದುನನ ಟ್ರ್ಯಾಕ್ಟರ್‌ ಬಗ್ಗೆ ಯಾರಿಗೆ ಹೇಳಲಿ?

ಪ್ರಶ್ನೆ:

ನಮ್ಮದು ಮುಧೋಳ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮನೆಯವರು ಜಮಖಂಡಿಯಲ್ಲಿ ಕೆಲಸಕ್ಕಿದ್ದಾರೆ. ರಾತ್ರಿ ಹತ್ತೂವರೆಗೆ ಅಲ್ಲಿಂದ ಬೈಕಿನಲ್ಲಿ ಹೊರಡುತ್ತಾರೆ. ಕಬ್ಬಿನ ಹಂಗಾಮು ಶುರುವಾದರೆ ಅವರು ಮನೆಗೆ ಬರುವ ತನಕ ನನಗೆ ನಿದ್ದೆ ಇಲ್ಲ. ದಾರಿಯುದ್ದಕ್ಕೂ ಜೋಡಿ ಟ್ರೇಲರ್‌ ಕಟ್ಟಿದ ಟ್ರ್ಯಾಕ್ಟರ್‌ಗಳೇ. ಹಿಂದೆ ಲೈಟಿಲ್ಲ, ನಂಬರ್‌ ಇಲ್ಲ. ಕಬ್ಬು ಎರಡೂ ಕಡೆ ಚಾಚಿಕೊಂಡಿರುತ್ತದೆ. ಹೋದ ತಿಂಗಳು ಪಂಕ್ಚರ್‌ ಆಗಿ ರಸ್ತೆಯಲ್ಲೇ ನಿಂತ ಟ್ರೇಲರ್‌ಗೆ ಇವರು ಗುದ್ದುವುದು ಒಂದು ಮಾರಿನಲ್ಲಿ ತಪ್ಪಿತು. ಚಾಲಕರನ್ನು ಕೇಳಿದರೆ ‘ರೈತರ ಗಾಡಿಗೆ ಯಾವ ರೂಲ್ಸೂ ಇಲ್ಲ’ ಎನ್ನುತ್ತಾರೆ. ‘ಹಿಂದಿನಿಂದ ಗುದ್ದಿದವನದೇ ತಪ್ಪು’ ಅಂತಲೂ ಹೇಳುತ್ತಾರೆ. ನಮ್ಮ ಮನೆಯವರು ಹೈಬೀಮ್‌ ಹಾಕಿಕೊಂಡರೆ ಸಾಕು, ಸುಮ್ನೆ ಹೆದರಬೇಡ ಎನ್ನುತ್ತಾರೆ. ದೂರು ಕೊಡೋಣವೆಂದರೆ ನಮ್ಮ ಮೈದುನನದೂ ಒಂದು ಟ್ರ್ಯಾಕ್ಟರ್‌ ಇದೆ. ಅದೂ ಹಾಗೇ ಓಡುತ್ತದೆ. ನಮ್ಮ ಮೂರು ಎಕರೆ ಕಬ್ಬು ಕೂಡ ಇಂಥ ಗಾಡಿಯಲ್ಲೇ ಹೋಗಬೇಕು. ನಾನು ಏನು ಮಾಡಲಿ?

ಉತ್ತರ:

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೋಟಾರು ವಾಹನ ನಿರೀಕ್ಷಕನಾಗಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಕಡೆ ನಮ್ಮನ್ನು ‘ಬ್ರೇಕ್‌ ಇನ್‌ಸ್ಪೆಕ್ಟರ್‌’ ಎನ್ನುವವರೂ ಇದ್ದಾರೆ. ಅಪಘಾತವಾದ ಗಾಡಿಯನ್ನು ಪೊಲೀಸರು ನಮ್ಮ ಹತ್ತಿರ ತಪಾಸಣೆಗೆ ಕಳಿಸುತ್ತಾರೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ನನ್ನ ಮುಂದೆ ಬರುತ್ತಿದ್ದ ಗಾಡಿಗಳಲ್ಲಿ ಕಬ್ಬಿನ ಟ್ರೇಲರ್‌ ಇಲ್ಲದ ವಾರ ಕಡಿಮೆ. ಹೆಚ್ಚಿನ ಸಲ ಟ್ರೇಲರ್‌ಗೆ ಒಂದು ಗೀರು ಮಾತ್ರ ಬಿದ್ದಿರುತ್ತಿತ್ತು. ಪಕ್ಕದಲ್ಲಿ ಬೈಕು ಗುರುತು ಸಿಗದ ಹಾಗೆ ಬಿದ್ದಿರುತ್ತಿತ್ತು. ಆದ್ದರಿಂದ ನಿಮ್ಮ ಹೆದರಿಕೆಯನ್ನು ಸುಮ್ಮನೆ ಹೆದರಿಕೆ ಎಂದು ನಾನು ಹೇಳುವುದಿಲ್ಲ.

ನೀವು ಕೇಳಿರುವುದು ಮೂರು ಪ್ರಶ್ನೆ. ಈ ಗಾಡಿಗಳಿಗೆ ಕಾನೂನು ಇದೆಯೋ ಇಲ್ಲವೋ? ನಿಮ್ಮ ಮನೆಯವರು ಹುಷಾರಾಗಿ ಮನೆ ಸೇರುವುದು ಹೇಗೆ? ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಅದೇ ಗಾಡಿಯಿಂದ ಅನ್ನ ತಿನ್ನುವ ಮನೆಯವರು ಅದರ ಬಗ್ಗೆ ಬಾಯಿ ಬಿಡುವುದು ಹೇಗೆ?

ಮೊದಲು ಕಾನೂನು. ‘ರೈತರ ಗಾಡಿಗೆ ರೂಲ್ಸ್‌ ಇಲ್ಲ’ ಎಂಬ ಮಾತಿಗೆ ಒಂದು ಬೇರು ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ ಕೃಷಿ ಟ್ರ್ಯಾಕ್ಟರನ್ನು ಸಾರಿಗೆ ವಾಹನವಲ್ಲ ಎಂದು ಹೇಳಿದೆ. ಲಾರಿಗೆ ಬೇಕಾದ ಹಾಗೆ ಕಾಲಕಾಲಕ್ಕೆ ಎಫ್‌ಸಿ (ಗಾಡಿ ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರ) ಮಾಡಿಸುವುದು, ಪರ್ಮಿಟ್‌ ತೆಗೆಯುವುದು, ಇವೆಲ್ಲ ಹೊಲದ ಕೆಲಸದ ಟ್ರ್ಯಾಕ್ಟರಿಗೆ ಬೇಡ. ರೈತನಿಗೆ ಕಚೇರಿ ಅಲೆದಾಟ ತಪ್ಪಲಿ ಎಂದು ಕೊಟ್ಟ ಸವಲತ್ತು ಅದು. ಒಳ್ಳೆಯದೇ. ಆದರೆ ಊರಲ್ಲಿ ಅದನ್ನು ಹಿಗ್ಗಿಸಿ, ಲೈಟೂ ಬೇಡ, ನಂಬರೂ ಬೇಡ, ಇನ್ಶೂರೆನ್ಸೂ ಬೇಡ ಎಂದು ಮಾಡಿಕೊಂಡಿದ್ದಾರೆ. ಅದು ಸುಳ್ಳು. ರಸ್ತೆಗೆ ಇಳಿದ ಟ್ರ್ಯಾಕ್ಟರಿಗೆ ನೋಂದಣಿ ಬೇಕು. ಓಡಿಸುವವನಿಗೆ ಲೈಸೆನ್ಸ್‌ ಬೇಕು. ಮೂರನೆಯವರ ವಿಮೆ (ಥರ್ಡ್‌ ಪಾರ್ಟಿ ಇನ್ಶೂರೆನ್ಸ್‌) ಬೇಕು. ಟ್ರೇಲರ್‌ಗೂ ಅದರದ್ದೇ ನೋಂದಣಿ ಬೇಕು. ಟ್ರೇಲರ್‌ ಹಿಂದೆ ಎಡಕ್ಕೊಂದು ಬಲಕ್ಕೊಂದು ಕೆಂಪು ರಿಫ್ಲೆಕ್ಟರ್‌ ಇರಲೇಬೇಕು.

ಜೋಡಿ ಟ್ರೇಲರ್‌ ಬಗ್ಗೆ ಒಂದು ಮಾತು. ಎರಡು ಟ್ರೇಲರ್‌ ಕಂಡ ಕೂಡಲೇ ‘ಇದು ಪೂರ್ತಿ ಅಕ್ರಮ’ ಎಂದು ಕೂಗಿದರೆ ಚಾಲಕರು ನಿಮ್ಮ ಉಳಿದ ಮಾತನ್ನೂ ಕೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 61ನೇ ಸೆಕ್ಷನ್‌ನಲ್ಲೇ ‘ಸಾಲಿನ ಕೊನೆಯ ಟ್ರೇಲರ್‌’ ಎಂಬ ಮಾತು ಬರುತ್ತದೆ. ಎಳೆಯುವ ಗಾಡಿಯ ನಂಬರನ್ನು ಆ ಕೊನೆಯ ಟ್ರೇಲರ್‌ ಮೇಲೆ ಕಾಣುವ ಹಾಗೆ ಬರೆದಿರಬೇಕು ಎನ್ನುತ್ತದೆ ಆ ಸೆಕ್ಷನ್‌. ನಿಮ್ಮ ದಾರಿಯಲ್ಲಿ ಇದನ್ನು ಪಾಲಿಸಿದ ಗಾಡಿ ಎಷ್ಟಿವೆ, ನೋಡಿ. ನಂಬರ್‌ ಇಲ್ಲದಿದ್ದರೆ ಗುದ್ದಿ ಹೋದ ಗಾಡಿ ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ. ನಾನು ರಸ್ತೆಯಲ್ಲಿ ತಡೆದಾಗ ಎಷ್ಟು ಟ್ರೇಲರ್‌ ಎಂದು ಎಣಿಸುವುದಕ್ಕಿಂತ ಮೊದಲು ನೋಡುತ್ತಿದ್ದುದು ಇವನ್ನೇ: ಹಿಂದೆ ಬೆಳಕು, ಹಿಂದೆ ನಂಬರ್‌, ಆರ್‌ಸಿಯಲ್ಲಿ ಬರೆದ ತೂಕ, ಕೊಕ್ಕೆಯ ಪಿನ್‌.

ತೂಕದ ವಿಷಯದಲ್ಲಿ ಕಾಯ್ದೆ ಬಿಗಿಯಾಗಿದೆ. 2019ರ ತಿದ್ದುಪಡಿಯ ನಂತರ ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ ದಂಡ. ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ಸರಕು ಗಾಡಿಯ ಅಂಚು ದಾಟಿ ಪಕ್ಕಕ್ಕೋ ಹಿಂದಕ್ಕೋ ಚಾಚಿದರೂ 20,000 ರೂಪಾಯಿ. ಇನ್ನೊಂದು ಸೆಕ್ಷನ್‌ ಇದೆ, 190. ಗಾಡಿಯಲ್ಲಿ ದೋಷ ಇದೆ ಎಂದು ಗೊತ್ತಿದ್ದೂ ರಸ್ತೆಗೆ ಬಿಟ್ಟವನಿಗೆ ಇದು ತಗಲುತ್ತದೆ. ಚಾಲಕನಿಗೆ ಮಾತ್ರವಲ್ಲ, ಓಡಿಸಲು ಬಿಟ್ಟ ಮಾಲೀಕನಿಗೂ. ಆ ದೋಷದಿಂದ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶ ಇದೆ. ನಿಮ್ಮ ಮೈದುನನಿಗೆ ಇದು ಗೊತ್ತಿರಲಾರದು. ಹೆದರಿಸಲು ಹೇಳಬೇಡಿ. ಆದರೆ ಹೇಳಿ.

ಇನ್ನು ‘ಹಿಂದಿನಿಂದ ಗುದ್ದಿದವನದೇ ತಪ್ಪು’ ಎಂಬ ಮಾತು. ಊರ ಪಂಚಾಯ್ತಿಯಲ್ಲಿ ಇದು ನಡೆಯಬಹುದು. ಕೋರ್ಟಿನಲ್ಲಿ ಹಾಗೆ ಕಣ್ಣು ಮುಚ್ಚಿ ಹೇಳುವುದಿಲ್ಲ. ರಾತ್ರಿ ಲೈಟು, ಗುರುತು ಏನೂ ಇಲ್ಲದೆ ರಸ್ತೆಯಲ್ಲಿ ನಿಲ್ಲಿಸಿದ್ದ ಗ್ಯಾಸ್‌ ಟ್ಯಾಂಕರ್‌ಗೆ ವ್ಯಾನೊಂದು ಗುದ್ದಿದ ಪ್ರಕರಣ 2018ರಲ್ಲಿ ಸುಪ್ರೀಂ ಕೋರ್ಟ್‌ ಮುಂದೆ ಬಂದಿತ್ತು. ಹೈಕೋರ್ಟ್‌ ತಪ್ಪನ್ನು ಅರ್ಧರ್ಧ ಹಂಚಿತ್ತು. ಸುಪ್ರೀಂ ಕೋರ್ಟ್‌ ಅದನ್ನು ಒಪ್ಪಲಿಲ್ಲ. ಪೂರ್ತಿ ತಪ್ಪು ಟ್ಯಾಂಕರ್‌ನದು ಎಂಬ ಅಪಘಾತ ಪರಿಹಾರ ನ್ಯಾಯಮಂಡಳಿಯ ತೀರ್ಪನ್ನೇ ಎತ್ತಿಹಿಡಿಯಿತು. ಹಾಗೆಂದು ಎಲ್ಲ ಪ್ರಕರಣಕ್ಕೂ ಇದೇ ಆಗುತ್ತದೆ ಎಂದಲ್ಲ. ಬೈಕಿನವನು ಅತಿ ಜೋರಾಗಿ ಬಂದಿದ್ದರೆ, ಹೆಡ್‌ಲೈಟ್‌ ಕೆಟ್ಟಿದ್ದರೆ ಅವನ ಪಾಲಿನ ತಪ್ಪನ್ನು ಲೆಕ್ಕ ಹಾಕಿ ಪರಿಹಾರ ಕಡಿತ ಮಾಡುವುದುಂಟು. ಅದಕ್ಕೇ ನಿಮ್ಮ ಮನೆಯವರ ಬೈಕಿನ ಲೈಟು, ಲೈಸೆನ್ಸು, ಹೆಲ್ಮೆಟ್ಟು ಸರಿಯಾಗಿರಲಿ.

ಈಗ ಹೈಬೀಮ್‌ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು ಆ ಸಾಲು.

ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 60 ಕಿಲೋಮೀಟರ್‌ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಹತ್ತಿರಹತ್ತಿರ 17 ಮೀಟರ್‌ ಹೋಗುತ್ತದೆ. ಮುಂದೆ ಏನೋ ಇದೆ ಎಂದು ಕಣ್ಣಿಗೆ ಕಂಡು, ತಲೆಗೆ ಹೊಳೆದು, ಕೈ ಬ್ರೇಕಿಗೆ ಹೋಗುವ ಹೊತ್ತಿಗೆ ಒಂದೂವರೆ ಸೆಕೆಂಡು ಕಳೆದಿರುತ್ತದೆ. ಅಂದರೆ ಬ್ರೇಕ್‌ ಹಿಡಿಯುವ ಮೊದಲೇ 25 ಮೀಟರ್‌ ಹೋಯಿತು. ಆಮೇಲೆ ಗಾಡಿ ನಿಲ್ಲಲು ಒಣ ರಸ್ತೆಯಲ್ಲಿ ಇನ್ನೂ 28 ಮೀಟರ್‌ ಆದರೂ ಬೇಕು. ಒಟ್ಟು 53 ಮೀಟರ್‌. ಸಾಮಾನ್ಯ ಬೈಕಿನ ಡಿಮ್‌ ಲೈಟಿನಲ್ಲಿ ಬೆಳಕಿಲ್ಲದ ಮಾಸಲು ವಸ್ತು ಮೂವತ್ತು ನಲವತ್ತು ಮೀಟರ್‌ ಒಳಗೆ ಬಂದ ಮೇಲಷ್ಟೇ ಗುರುತಿಗೆ ಸಿಗುತ್ತದೆ. ಹಾಗಾದರೆ ಕಂಡಾಗಲೇ ತಡವಾಗಿರುತ್ತದೆ. ಅದೇ ವೇಗ 40 ಇದ್ದರೆ ಒಟ್ಟು 29 ಮೀಟರಿನಲ್ಲಿ ನಿಲ್ಲಬಹುದು. ವೇಗದಲ್ಲಿ ಇಪ್ಪತ್ತು ಕಡಿಮೆ ಮಾಡಿದರೆ ನಿಲ್ಲಲು ಬೇಕಾದ ದೂರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಹೈಬೀಮ್‌ ಹಾಕಿದರೆ ಖಾಲಿ ರಸ್ತೆಯಲ್ಲಿ ದೂರ ಕಾಣುತ್ತದೆ, ನಿಜ. ಆದರೆ ನಿಮ್ಮ ರಸ್ತೆ ಹಂಗಾಮಿನಲ್ಲಿ ಖಾಲಿ ಇರುವುದಿಲ್ಲ. ಎದುರಿಂದ ಇನ್ನೊಬ್ಬನೂ ಹೈಬೀಮ್‌ ಹಾಕಿಕೊಂಡು ಬರುತ್ತಾನೆ. ಆ ಬೆಳಕು ಕಣ್ಣಿಗೆ ಹೊಡೆದ ಮೇಲೆ ಕಣ್ಣು ಕತ್ತಲೆಗೆ ಮತ್ತೆ ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು. ಸೆಕೆಂಡಿಗೆ 17 ಮೀಟರ್‌ ಲೆಕ್ಕದಲ್ಲಿ ಅಷ್ಟು ದೂರ ನಿಮ್ಮವರು ಕುರುಡಾಗಿ ಹೋಗುತ್ತಾರೆ. ಟ್ರೇಲರ್‌ ನಿಂತಿರುವುದು ಸರಿಯಾಗಿ ಅಲ್ಲೇ, ಎಡಗಡೆಯಲ್ಲಿ. ನಾನು ನೋಡಿದ ಪ್ರಕರಣಗಳಲ್ಲಿ ಬದುಕಿ ಉಳಿದವರು ಹೇಳುತ್ತಿದ್ದುದು ಹೆಚ್ಚುಕಡಿಮೆ ಒಂದೇ ಮಾತು: ‘ಎದುರಿನ ಲೈಟು ದಾಟಿದ್ದಷ್ಟೇ ಗೊತ್ತು ಸರ್‌, ಆಮೇಲೆ ಗೊತ್ತಿಲ್ಲ.’

ಆದ್ದರಿಂದ ನಿಮ್ಮ ಮನೆಯವರಿಗೆ ಇಷ್ಟು ಹೇಳಿ. ಎದುರಿಗೆ ಬೆಳಕು ಬಂದ ಕೂಡಲೇ ಆಕ್ಸಿಲರೇಟರ್‌ ಬಿಡಬೇಕು. ಕಣ್ಣನ್ನು ಆ ಬೆಳಕಿನ ಮೇಲೆ ಇಡದೆ ರಸ್ತೆಯ ಎಡ ಅಂಚಿನ ಮೇಲೆ ಇಡಬೇಕು. ಆ ರಸ್ತೆಯಲ್ಲಿ ರಾತ್ರಿ ನಲವತ್ತು ದಾಟಬಾರದು. ಮನೆಗೆ ಹತ್ತು ಹದಿನೈದು ನಿಮಿಷ ತಡವಾಗುತ್ತದೆ, ಆಗಲಿ. ಇನ್ನೊಂದು. ದಾರಿಯಲ್ಲಿ ಕಬ್ಬಿನ ಜಲ್ಲೆ, ರವದಿ (ಕಬ್ಬಿನ ಒಣ ಎಲೆ) ಬಿದ್ದಿರುವುದು ಕಂಡರೆ ಗಾಡಿಗಳು ಆಗಷ್ಟೇ ಮುಂದೆ ಹೋಗಿವೆ ಎಂದು ತಿಳಿಯಬೇಕು. ಜಲ್ಲೆಯ ಮೇಲೆ ಬ್ರೇಕ್‌ ಹಿಡಿದರೆ ಬೈಕು ಜಾರುತ್ತದೆ.

ಟ್ರ್ಯಾಕ್ಟರನ್ನು ದಾಟುವಾಗಲೂ ಅಷ್ಟೇ ಎಚ್ಚರ ಬೇಕು. ಎಂಜಿನ್ನಿಂದ ಕೊನೆಯ ಟ್ರೇಲರ್‌ವರೆಗೆ ಹತ್ತಾರು ಮೀಟರ್‌ ಉದ್ದ. ಬೈಕಿನವನು ಒಂದು ಟ್ರೇಲರ್‌ ದಾಟಿ ಮುಗಿಯಿತು ಎಂದುಕೊಳ್ಳುತ್ತಾನೆ. ಅಲ್ಲಿ ಇನ್ನೊಂದು ಇರುತ್ತದೆ. ಎರಡನೆಯ ಟ್ರೇಲರ್‌ ತೆಗ್ಗು ದಿಬ್ಬದಲ್ಲಿ ಅಕ್ಕಪಕ್ಕ ಬಾಲ ಆಡಿಸುತ್ತದೆ. ಇಂಡಿಕೇಟರ್‌ ಇರುವುದಿಲ್ಲ. ಹೊಲದ ದಾರಿಗೋ ಕಾರ್ಖಾನೆ ರಸ್ತೆಗೋ ಚಾಲಕ ತಟ್ಟನೆ ಬಲಕ್ಕೆ ತಿರುಗಿಸುತ್ತಾನೆ. ಟೇಪು ಜೋರಾಗಿ ಹಾಕಿಕೊಂಡ ಟ್ರ್ಯಾಕ್ಟರಿನವನಿಗೆ ಹಾರ್ನ್‌ ಕೇಳುವುದಿಲ್ಲ, ಇದು ನಿಮಗೇ ಗೊತ್ತು. ಆ ದೊಡ್ಡ ಸ್ಪೀಕರ್‌ ಪೆಟ್ಟಿಗೆಗಳಿಗೆ ಸಾವಿರಾರು ರೂಪಾಯಿ ಸುರಿದ ಗಾಡಿಗಳ ಹಿಂದೆ ಒಂದು ಕೆಂಪು ಬಲ್ಬು ಇಲ್ಲದಿರುವುದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಮುಂದಿನ ರಸ್ತೆ ಪೂರ್ತಿ ಕಾಣುವ ತನಕ ಹಿಂದೆಯೇ ಇರಲಿ. ಹಿಂದೆ ಇರುವಾಗಲೂ ತೀರ ಹತ್ತಿರ ಬೇಡ.

ಈ ಗಾಡಿ ನಿಲ್ಲುವುದೇ ಕಷ್ಟ ಎಂಬುದನ್ನೂ ತಿಳಿದಿರಬೇಕು. ಐವತ್ತು ಎಚ್‌ಪಿ ಟ್ರ್ಯಾಕ್ಟರಿನ ಸ್ವಂತ ತೂಕ ಎರಡು ಎರಡೂವರೆ ಟನ್‌ ಇರುತ್ತದೆ. ಅದರ ಹಿಂದೆ ಹತ್ತರಿಂದ ಇಪ್ಪತ್ತು ಟನ್‌ ಕಬ್ಬು. ಬ್ರೇಕ್‌ ಇರುವುದು ಸಾಮಾನ್ಯವಾಗಿ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಊರ ವರ್ಕ್‌ಶಾಪಿನಲ್ಲಿ ಕಟ್ಟಿದ ಬಹುಪಾಲು ಟ್ರೇಲರ್‌ಗಳಿಗೆ ಬ್ರೇಕೇ ಇಲ್ಲ. ಇಳಿಜಾರಿನಲ್ಲಿ ಚಾಲಕ ಬ್ರೇಕ್‌ ಒತ್ತಿದರೆ ಟ್ರ್ಯಾಕ್ಟರ್‌ ನಿಲ್ಲಲು ನೋಡುತ್ತದೆ, ಹಿಂದಿನ ಭಾರ ದೂಡುತ್ತದೆ. ಆಗ ಟ್ರ್ಯಾಕ್ಟರ್‌ ಮತ್ತು ಟ್ರೇಲರ್‌ ಕತ್ತರಿಯ ಹಾಗೆ ಮಡಚಿಕೊಳ್ಳುತ್ತವೆ. ಡೀಸೆಲ್‌ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್‌ ಮಾಡುವವರಿದ್ದಾರೆ. ಅದು ಇರುವ ಒಂದು ಹಿಡಿತವನ್ನೂ ಕೈಯಾರೆ ಬಿಟ್ಟ ಹಾಗೆ. ಏರಿನಲ್ಲಿ ಇನ್ನೊಂದು ತೊಂದರೆ. ಹಿಂದಿನ ಭಾರಕ್ಕೆ ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲ ಬಿಟ್ಟು ಮೇಲೇಳುತ್ತದೆ. ಮುಂದಿನ ಗಾಲಿ ಗಾಳಿಯಲ್ಲಿದ್ದರೆ ಸ್ಟೀರಿಂಗ್‌ ತಿರುಗಿಸಿ ಏನು ಪ್ರಯೋಜನ? ಇದನ್ನು ಸಾಹಸ ಎಂದು ಮೊಬೈಲಿನಲ್ಲಿ ವಿಡಿಯೊ ಮಾಡುವ ಹುಡುಗರನ್ನು ಕಂಡಿದ್ದೇನೆ. ಅದೇ ಏರಿನಲ್ಲಿ ಹಿಂದಕ್ಕೆ ಮಗುಚಿದ ಟ್ರ್ಯಾಕ್ಟರನ್ನು ನೋಡಲು ಹೋದವನು ನಾನು.

ಹಾಗಾದರೆ ಈ ಚಾಲಕರೆಲ್ಲ ಕೆಟ್ಟವರೇ? ಅಲ್ಲ. ತಡೆದು ನಿಲ್ಲಿಸಿದಾಗ ಅವರ ಜೊತೆ ಮಾತಾಡಿದ್ದೇನೆ. ಕಡಿದ ಕಬ್ಬು ನಿಂತಷ್ಟೂ ಒಣಗುತ್ತದೆ, ತೂಕ ಕಳೆಯುತ್ತದೆ. ರೈತ ಅವಸರ ಮಾಡುತ್ತಾನೆ. ಬಾಡಿಗೆ ಟನ್‌ ಲೆಕ್ಕದಲ್ಲಿ ಸಿಗುತ್ತದೆ, ಆದ್ದರಿಂದ ಒಂದೇ ಖೇಪಿಗೆ ಆದಷ್ಟು ಹೇರುತ್ತಾರೆ. ಟ್ರ್ಯಾಕ್ಟರಿನ ಸಾಲದ ಕಂತು ಈ ನಾಲ್ಕೈದು ತಿಂಗಳಲ್ಲೇ ಹುಟ್ಟಬೇಕು. ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿ ಕಾಯುತ್ತಾ ರಾತ್ರಿಯೆಲ್ಲ ಕೂತವನು ಬೆಳಗ್ಗೆ ಖಾಲಿ ಗಾಡಿ ತಿರುಗಿಸಿಕೊಂಡು ನೇರ ಮುಂದಿನ ಹೊಲಕ್ಕೆ ಹೋಗುತ್ತಾನೆ. ನಿದ್ದೆ ಎಲ್ಲಿ? ಟ್ರೇಲರ್‌ಗೆ ಲೈಟು ಇದ್ದೇ ಇತ್ತು ಎಂದು ಅವರು ಹೇಳುವುದೂ ಎಷ್ಟೋ ಸಲ ನಿಜ. ಹೊಸದಾಗಿ ತಂದಾಗ ಇರುತ್ತದೆ. ಹೇರುವಾಗ, ಇಳಿಸುವಾಗ ಕಬ್ಬು ವೈರಿಗೆ ಸಿಕ್ಕಿ ಕಿತ್ತು ಬರುತ್ತದೆ. ಇವತ್ತು ಒಂದು ಟ್ರ್ಯಾಕ್ಟರಿಗೆ ಕಟ್ಟಿದ ಟ್ರೇಲರನ್ನು ನಾಳೆ ಇನ್ನೊಂದಕ್ಕೆ ಕಟ್ಟುತ್ತಾರೆ, ಸಾಕೆಟ್‌ ಹೊಂದುವುದಿಲ್ಲ. ಎರಡು ವಾರದಲ್ಲಿ ಲೈಟು ಹೋಗುತ್ತದೆ. ಮತ್ತೆ ಯಾರೂ ಹಾಕಿಸುವುದಿಲ್ಲ.

ಲೈಟು ಉಳಿದರೂ ಕಬ್ಬು ಅದನ್ನು ಮುಚ್ಚುತ್ತದೆ. ಟ್ರೇಲರ್‌ ಹಿಂದಿನ ಹಲಗೆಗೆ ಅಂಟಿಸಿದ ರೇಡಿಯಂ ಪಟ್ಟಿ ಖಾಲಿ ಗಾಡಿಯಲ್ಲಿ ಚೆನ್ನಾಗಿ ಹೊಳೆಯುತ್ತದೆ. ಕಬ್ಬು ಹೇರಿದ ಮೇಲೆ ತುದಿಗಳು ಹಿಂದಕ್ಕೆ ಜೋತು ಬಿದ್ದು ಅದನ್ನು ಪರದೆಯ ಹಾಗೆ ಮುಚ್ಚುತ್ತವೆ. ಮಣ್ಣು ಕೂತರೂ ಅಷ್ಟೇ. ಪ್ರತಿ ವರ್ಷ ಪೊಲೀಸರು, ನಮ್ಮ ಇಲಾಖೆಯವರು ಹಂಗಾಮಿನ ಮೊದಲು ಯಾರ್ಡಿಗೆ ಹೋಗಿ ರೇಡಿಯಂ ಅಂಟಿಸುವ ಕೆಲಸ ಮಾಡುತ್ತಾರೆ. ನಾನೂ ಎಷ್ಟೋ ಅಂಟಿಸಿದ್ದೇನೆ. ಅದು ಬೇಕು. ಆದರೆ ಖಾಲಿ ಟ್ರೇಲರ್‌ಗೆ ಅಂಟಿಸಿ ಕೆಲಸ ಮುಗಿಯಿತು ಎಂದುಕೊಂಡರೆ ಪ್ರಯೋಜನ ಅರ್ಧಕ್ಕಿಂತ ಕಡಿಮೆ. ಗುರುತು ಇರಬೇಕಾದದ್ದು ಹೇರಿದ ಕಬ್ಬಿನ ಮೇಲೆ.

ಇಲ್ಲಿಂದ ನಿಮ್ಮ ಮೂರನೆಯ ಪ್ರಶ್ನೆ ಶುರುವಾಗುತ್ತದೆ. ನೀವು ದೂರು ಕೊಡುವುದೋ ಬಿಡುವುದೋ ಎಂದು ಕೇಳಿದ್ದೀರಿ. ದೂರಿಗಿಂತ ಮೊದಲು ನಿಮ್ಮ ಕೈಯಲ್ಲೇ ಒಂದು ಹಿಡಿ ಇದೆ. ಕಟಾವು ಮತ್ತು ಸಾಗಾಟದ ಖರ್ಚು ನಿಮ್ಮ ಕಬ್ಬಿನ ಬಿಲ್ಲಿನಲ್ಲೇ ಮುರಿದುಕೊಳ್ಳುವುದು, ಅಲ್ವಾ? ಅಂದರೆ ಆ ಗಾಡಿಗೆ ದುಡ್ಡು ಕೊಡುತ್ತಿರುವವರು ನೀವು. ನಿಮ್ಮ ಹೊಲದಲ್ಲಿ ಗಾಡಿ ಹೇರಿ ಮುಗಿದಾಗ, ಹಗ್ಗ ಬಿಗಿಯುವ ಮೊದಲು, ಹಿಂದಕ್ಕೆ ಬಂದು ನಿಂತು ‘ಹಿಂದೆ ಬೆಳಕು ಕಟ್ಟಿ ಹೋಗಪ್ಪ’ ಎನ್ನುವ ಹಕ್ಕು ನಿಮ್ಮದು.

ಇದರಲ್ಲಿ ತೊಂದರೆ ಇಲ್ಲ ಎಂದು ನಾನು ಹೇಳುವುದಿಲ್ಲ. ಕಬ್ಬು ಕಡಿಯುವ ಗ್ಯಾಂಗಿನವರು, ಗಾಡಿಯವರು ಸಿಗುವುದೇ ಕಷ್ಟದ ಕಾಲದಲ್ಲಿ ಜಾಸ್ತಿ ಮಾತಾಡಿದರೆ ನಿಮ್ಮ ಹೊಲ ಬಿಟ್ಟು ಪಕ್ಕದ ಹೊಲಕ್ಕೆ ಹೋಗಿಬಿಡುತ್ತಾರೆ. ಸಣ್ಣ ರೈತರ ಮಾತು ಎಲ್ಲರೂ ಕೇಳುವುದಿಲ್ಲ. ಅದಕ್ಕೇ ಬರಿ ಮಾತು ಬೇಡ, ವಸ್ತುವನ್ನೇ ಕೊಡಿ. ಬ್ಯಾಟರಿಯ ಕೆಂಪು ಮಿಣುಕು ಲೈಟು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎರಡು ತಂದಿಟ್ಟುಕೊಳ್ಳಿ. ಬಟ್ಟೆಯ ಪಟ್ಟಿಗೆ ಕೆಂಪು ರೇಡಿಯಂ ಹೊಲಿದು ಆರೇಳು ಅಡಿ ಉದ್ದದ ಪಟ್ಟಿ ಮಾಡಿಕೊಳ್ಳಿ. ಹೇರಿದ ಮೇಲೆ ಕಬ್ಬಿನ ತುದಿಗೆ ಅಡ್ಡಲಾಗಿ ಪಟ್ಟಿ ಕಟ್ಟಿ, ಎರಡೂ ಅಂಚಿಗೆ ಒಂದೊಂದು ಲೈಟು ಸಿಕ್ಕಿಸಿ. ಅಂಚಿಗೇ ಕಟ್ಟಬೇಕು, ನಡುವೆ ಒಂದೇ ಕಟ್ಟಬಾರದು. ನಡುವೆ ಒಂದೇ ಕೆಂಪು ದೀಪ ಇದ್ದರೆ ಹಿಂದಿನವನು ಮುಂದೆ ಬೈಕು ಹೋಗುತ್ತಿದೆ ಎಂದುಕೊಂಡು ಪಕ್ಕದಲ್ಲಿ ನುಗ್ಗುತ್ತಾನೆ. ಯಾರ್ಡಿನಲ್ಲಿ ಇಳಿಸುವಾಗ ಬಿಚ್ಚಿಕೊಂಡು ವಾಪಸ್‌ ತರಲು ಚಾಲಕನಿಗೆ ಹೇಳಿ. ಒಂದೆರಡು ಸಲ ಕಳೆಯುತ್ತವೆ. ಕಳೆದರೆ ಕಳೆಯಲಿ.

ಮೈದುನನ ವಿಷಯ. ಅವರ ಮೇಲೆ ದೂರು ಕೊಡುವುದು ನನ್ನ ಪ್ರಕಾರ ಮೊದಲ ಹೆಜ್ಜೆ ಅಲ್ಲ. ಮನೆಯವರ ಮುಂದೆ ಕೂಡಿಸಿ ಮಾತಾಡಿ. ಅವರ ಗಾಡಿ ಯಾರಿಗೋ ಪೆಟ್ಟು ಮಾಡಿದ ದಿನ ಏನಾಗುತ್ತದೆ ಎಂಬುದನ್ನು ಅವರು ಯೋಚಿಸಿರುವುದಿಲ್ಲ. ಸಾವಾದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯಕ್ಕೆ ಐದು ವರ್ಷದವರೆಗೆ ಶಿಕ್ಷೆ ಇದೆ. ಟ್ರ್ಯಾಕ್ಟರಿಗೆ ವಿಮೆ ಇದ್ದು ಟ್ರೇಲರ್‌ಗೆ ಇಲ್ಲದಿದ್ದರೆ ವಿಮಾ ಕಂಪನಿ ಅದೇ ನೆಪ ಹಿಡಿದು ಕೋರ್ಟಿನಲ್ಲಿ ವಾದ ಮಾಡುತ್ತದೆ. ಕೆಲವು ಸಲ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಲಿ ಎಂದು ಆದೇಶವಾಗುತ್ತದೆ. ವಸೂಲಿಗೆ ಬಂದಾಗ ಹೊಲ ಮಾರಿದವರನ್ನು ನಾನು ಬಲ್ಲೆ. ಮಡ್‌ಗಾರ್ಡ್‌ ಮೇಲೆ ಕೂತು ಹೋದ ಹುಡುಗರಿಗೆ ಏನಾದರೂ ಆದರೆ ವಿಮೆ ಸಿಗುವುದು ತುಂಬಾ ಕಷ್ಟ. ಟ್ರ್ಯಾಕ್ಟರಿನಲ್ಲಿ ಸೀಟು ಇರುವುದು ಚಾಲಕನಿಗೆ ಮಾತ್ರ. ಇವನ್ನೆಲ್ಲ ಅತ್ತಿಗೆಯಾಗಿ ನೀವು ಹೇಳಿದರೆ ಅವರು ಕೇಳಬಹುದು. ನನ್ನಂಥ ಅಧಿಕಾರಿ ಹೇಳಿದರೆ ದಂಡಕ್ಕೆ ಬಂದ ಎಂದುಕೊಳ್ಳುತ್ತಾರೆ.

ಅವರು ಒಪ್ಪಿದರೆ ಕೆಲಸ ಇಷ್ಟು. ಎರಡೂ ಟ್ರೇಲರ್‌ಗೆ ವೈರಿಂಗನ್ನು ಕಬ್ಬಿಣದ ಚಾನಲ್ಲಿನ ಒಳಗೆ ಪೈಪು ಹಾಕಿ ಎಳೆಸಬೇಕು, ಆಗ ಕಬ್ಬು ಕೀಳುವುದಿಲ್ಲ. ಹಿಂದಕ್ಕೆ ಕೆಂಪು, ಪಕ್ಕಕ್ಕೆ ಹಳದಿ ರೇಡಿಯಂ. ಪಕ್ಕದ್ದನ್ನು ಎಲ್ಲರೂ ಮರೆಯುತ್ತಾರೆ. ಹೊಲದಿಂದ ಗಾಡಿ ರಸ್ತೆಗೆ ಅಡ್ಡ ಬಂದಾಗ ಎದುರಿನವರಿಗೆ ಕಾಣುವುದು ಪಕ್ಕ ಮಾತ್ರ. ಕೊನೆಯ ಟ್ರೇಲರ್‌ ಮೇಲೆ ಟ್ರ್ಯಾಕ್ಟರಿನ ನಂಬರ್‌. ಕೊಕ್ಕೆಗೆ ಕಂಪನಿಯ ಪಿನ್ನೇ ಹಾಕಬೇಕು, ಅದಕ್ಕೆ ಲಾಕು ಇರಬೇಕು, ಜೊತೆಗೆ ಒಂದು ಸರಪಳಿ. ಪಿನ್‌ ಮುರಿದಾಗ ಕೈಗೆ ಸಿಕ್ಕ ಕಬ್ಬಿಣದ ಸರಳು ತುರುಕಿದ ಗಾಡಿಯೊಂದು ನನ್ನ ಬಳಿ ತಪಾಸಣೆಗೆ ಬಂದಿತ್ತು. ಸರಳು ಬಾಗಿ, ಹಿಂದಿನ ಟ್ರೇಲರ್‌ ಕಳಚಿ ಇಳಿಜಾರಿನಲ್ಲಿ ತಾನೇ ಉರುಳಿ ಚಹಾದಂಗಡಿಗೆ ನುಗ್ಗಿತ್ತು. ಬೆಳಗಿನ ಜಾವ ಅಂಗಡಿ ಮುಚ್ಚಿತ್ತು, ಅಷ್ಟೇ ಪುಣ್ಯ. ಇನ್ನೊಂದು ಮುಖ್ಯ ಸಂಗತಿ ಬ್ರೇಕ್‌ ಪೆಡಲ್ಲಿನದು. ಟ್ರ್ಯಾಕ್ಟರಿಗೆ ಎಡ ಗಾಲಿಗೊಂದು, ಬಲ ಗಾಲಿಗೊಂದು ಬೇರೆ ಬೇರೆ ಪೆಡಲ್‌ ಇರುತ್ತದೆ. ಹೊಲದಲ್ಲಿ ತಿರುಗಿಸಲು ಅದು ಬೇಕು. ರಸ್ತೆಗೆ ಬರುವ ಮೊದಲು ಎರಡನ್ನೂ ಜೋಡಿಸುವ ಚಿಲಕ ಹಾಕಲೇಬೇಕು. ಹಾಕದೆ ಜೋರಾಗಿ ಒತ್ತಿದರೆ ಒಂದೇ ಗಾಲಿ ಹಿಡಿದು ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಪಂಕ್ಚರ್‌ ಆಗಿ ನಿಂತರೆ ಏನು ಮಾಡಬೇಕು ಎಂಬುದನ್ನು ಬೇರೆಯಾಗಿಯೇ ಹೇಳಬೇಕು. ನಿಮ್ಮ ಮನೆಯವರ ಜೀವ ಹೋಗುವುದಿತ್ತಲ್ಲ, ಅದು ಇಂಥದ್ದರಲ್ಲೇ. ನಮ್ಮಲ್ಲಿ ಗಾಡಿ ಕೆಟ್ಟರೆ ಹಿಂದೆ ನಾಲ್ಕು ಕಲ್ಲು, ಒಂದು ಗಿಡದ ಟೊಂಗೆ ಇಡುತ್ತಾರೆ. ಹಗಲಲ್ಲಿ ಅದು ಗುರುತು. ರಾತ್ರಿ ಅದೇ ಇನ್ನೊಂದು ಅಪಾಯ. ಗಾಡಿ ರಿಪೇರಿಯಾಗಿ ಹೋದ ಮೇಲೂ ಆ ಕಲ್ಲು ಅಲ್ಲೇ ಇರುತ್ತದೆ. ಬರಿ ಕಲ್ಲಿಗೆ ಎಡವಿ ಬಿದ್ದ ಬೈಕಿನವರನ್ನೂ ನೋಡಿದ್ದೇನೆ. ಹೊಳೆಯುವ ತ್ರಿಕೋನದ ಫಲಕವನ್ನು ಗಾಡಿಯಲ್ಲಿ ಇಟ್ಟುಕೊಂಡಿರಬೇಕು. ಅದನ್ನು ಐವತ್ತು ಅರವತ್ತು ಹೆಜ್ಜೆ ಹಿಂದೆ ಇಡಬೇಕು. ಗಾಡಿಗೆ ಅಂಟಿದ ಹಾಗೆ ಇಟ್ಟರೆ ಮೇಲಿನ ಲೆಕ್ಕದಲ್ಲಿ ಅದು ಕಂಡೂ ಪ್ರಯೋಜನವಿಲ್ಲ. ಸಾಧ್ಯವಾದರೆ ಒಬ್ಬರು ಟಾರ್ಚ್‌ ಹಿಡಿದು ರಸ್ತೆಯಿಂದ ಕೆಳಗೆ ನಿಲ್ಲಬೇಕು. ರಸ್ತೆಯಲ್ಲಿ ಅಪಾಯವಾಗುವ ಹಾಗೆ ಗಾಡಿ ಅಥವಾ ಟ್ರೇಲರ್‌ ಬಿಟ್ಟು ಹೋಗುವುದನ್ನು ಕಾಯ್ದೆಯ 122ನೇ ಸೆಕ್ಷನ್‌ ಹೆಸರಿಟ್ಟು ನಿಷೇಧಿಸಿದೆ.

ಬೇರೆಯವರ ಗಾಡಿಗಳ ಬಗ್ಗೆ ನೀವು ಮಾತಾಡುವುದಿದ್ದರೆ ಒಬ್ಬರೇ ಮಾಡಬೇಡಿ. ರಾತ್ರಿ ರಸ್ತೆಯಲ್ಲಿ ಗಾಡಿ ಅಡ್ಡ ಹಾಕಿ ಚಾಲಕನ ಜೊತೆ ಜಗಳ ಮಾಡುವುದಂತೂ ಬೇಡವೇ ಬೇಡ. ಬೈಕ್‌ ಓಡಿಸುತ್ತಾ ಫೋಟೊ ತೆಗೆಯುವುದೂ ಬೇಡ. ಕತ್ತಲಲ್ಲಿ ರಸ್ತೆಯ ನಡುವೆ ಬಿಟ್ಟ ಟ್ರೇಲರ್‌ ಕಂಡರೆ ಸುರಕ್ಷಿತ ಜಾಗದಲ್ಲಿ ನಿಂತು 112ಕ್ಕೆ ಕರೆ ಮಾಡಿ. ಯಾವ ಕಿಲೋಮೀಟರ್‌ ಕಲ್ಲು, ಯಾವ ಊರಿನ ಕ್ರಾಸ್‌ ಎಂದು ಹೇಳಿ. ರಾಷ್ಟ್ರೀಯ ಹೆದ್ದಾರಿಯಾದರೆ 1033. ಇಂಥ ಕರೆಗೆ ನಿಮ್ಮ ಮೈದುನನ ಹೆಸರೂ ಬೇಕಿಲ್ಲ, ಯಾರ ಹೆಸರೂ ಬೇಕಿಲ್ಲ.

ಶಾಶ್ವತವಾಗಿ ಏನಾದರೂ ಆಗಬೇಕಾದರೆ ಅದು ಕಾರ್ಖಾನೆಯ ಗೇಟಿನಲ್ಲೇ ಆಗಬೇಕು. ಇದು ನನ್ನ ಅನುಭವದ ಮಾತು. ನಾವು ಒಂದು ರಾತ್ರಿ ರಸ್ತೆಯಲ್ಲಿ ನಿಂತು ಇಪ್ಪತ್ತು ಗಾಡಿ ತಡೆದರೆ ಆ ಸುದ್ದಿ ಫೋನಿನಲ್ಲಿ ಹರಡಿ ಉಳಿದವು ಒಳದಾರಿ ಹಿಡಿಯುತ್ತವೆ. ಒಳದಾರಿ ಇನ್ನೂ ಇಕ್ಕಟ್ಟು, ಇನ್ನೂ ಕತ್ತಲು. ಕಾರ್ಖಾನೆಯ ಗೇಟನ್ನು ಮಾತ್ರ ಯಾವ ಗಾಡಿಯೂ ತಪ್ಪಿಸಿಕೊಳ್ಳುವುದಿಲ್ಲ. ತೂಕ ಆಗಲೇಬೇಕು. ಹಿಂದೆ ಗುರುತಿಲ್ಲದ ಗಾಡಿಗೆ ಪಾಳಿ ಕೊಡುವುದಿಲ್ಲ ಎಂದು ಒಂದು ಕಾರ್ಖಾನೆ ಹಂಗಾಮಿನ ಮೊದಲ ವಾರ ಗಟ್ಟಿಯಾಗಿ ನಿಂತಿತ್ತು. ದಂಡಕ್ಕೆ ಬಗ್ಗದವರು ಪಾಳಿ ತಪ್ಪುತ್ತದೆ ಎಂದಾಗ ಅದೇ ರಾತ್ರಿ ರೇಡಿಯಂ ಹುಡುಕಿ ತಂದರು. ಅದಕ್ಕೇ ಊರಿನ ಹತ್ತು ಹದಿನೈದು ಕಬ್ಬು ಬೆಳೆಗಾರರು ಸಹಿ ಹಾಕಿ ಮೂರು ಕಡೆ ಅರ್ಜಿ ಕೊಡಿ: ನಿಮ್ಮ ಕಬ್ಬು ಹೋಗುವ ಕಾರ್ಖಾನೆ, ಜಮಖಂಡಿಯ ಸಾರಿಗೆ ಕಚೇರಿ, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಹತ್ತು ಬೆಳೆಗಾರರು ಕೇಳಿದರೆ ‘ರೈತರ ಗಾಡಿ’ ಎಂಬ ಗುರಾಣಿ ಬಿದ್ದು ಹೋಗುತ್ತದೆ. ಕೇಳುತ್ತಿರುವವರೇ ರೈತರು. ಇದರಿಂದ ಕೆಲವು ದಿನ ಊರಲ್ಲಿ ಗೊಣಗಾಟ ಕೇಳಬೇಕಾಗುತ್ತದೆ, ಅದಕ್ಕೆ ತಯಾರಾಗಿರಿ.

ಹೇಳಲು ಮನಸ್ಸಿಲ್ಲದಿದ್ದರೂ ಇದನ್ನು ಹೇಳಿಬಿಡುತ್ತೇನೆ. ನಿಮ್ಮ ಮನೆಯವರಿಗಾಗಲಿ, ದಾರಿಯಲ್ಲಿ ಯಾರಿಗಾಗಲಿ ಅಪಘಾತವಾದರೆ ಮೊದಲು 108 ಅಥವಾ 112. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಯೋಜನೆಯಲ್ಲಿ ಗಾಯಾಳುವಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಗೆ ಅವಕಾಶ ಇದೆ. ಆಸ್ಪತ್ರೆಗೆ ಸೇರಿಸಿದವರನ್ನು ಕಾನೂನು ಕಾಪಾಡುತ್ತದೆ, ಹೆದರಬೇಡಿ. ಆಮೇಲೆ, ಗಾಡಿ ಜಾಗ ಬಿಟ್ಟು ಕದಲುವ ಮೊದಲು ಟ್ರೇಲರ್‌ ಹಿಂದಿನ ಭಾಗದ ಫೋಟೊ ಯಾರಾದರೂ ತೆಗೆಯಬೇಕು. ಯಾಕೆ ಹೇಳುತ್ತೇನೆಂದರೆ, ತಪಾಸಣೆಗೆ ನನ್ನ ಮುಂದೆ ಬಂದ ಟ್ರೇಲರ್‌ ಒಂದರ ಹಿಂದೆ ಹೊಚ್ಚ ಹೊಸ ರೇಡಿಯಂ ಅಂಟಿಸಿದ್ದರು. ಅದರ ಕೆಳಗೆ ಅಪಘಾತದ ದಿನದ ಮಣ್ಣು ಹಾಗೇ ಇತ್ತು. ಪರಿಹಾರದ ಅರ್ಜಿಯನ್ನು ಆರು ತಿಂಗಳ ಒಳಗೆ ಹಾಕಿಬಿಡಿ. ಗುದ್ದಿದ ಗಾಡಿ ಯಾವುದೆಂದು ಗೊತ್ತಾಗದೇ ಹೋದರೆ ಸರ್ಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಒಂದು ಜೀವಕ್ಕೆ ಅದು ಏನೂ ಅಲ್ಲ. ಟ್ರೇಲರ್‌ ಹಿಂದೆ ನಂಬರ್‌ ಬರೆಸಿ ಎಂದು ಇಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಓಡುವ ಟ್ರೇಲರ್‌ ಹಿಂದೆ ಓಡಿ ಕಬ್ಬು ಎಳೆಯುವ ಹುಡುಗರು ನಿಮ್ಮ ಊರಲ್ಲೂ ಇರುತ್ತಾರೆ. ಎರಡು ಟ್ರೇಲರ್‌ಗಳ ನಡುವಿನ ಕೊಕ್ಕೆಯ ಮೇಲೆ ಹತ್ತಿ ಎಳೆಯುವವರೂ ಇದ್ದಾರೆ. ಶಾಲೆಯ ಮೇಷ್ಟ್ರಿಗೆ ಹೇಳಿ ಅದನ್ನು ಬಿಡಿಸಿ. ಹೊಲದಲ್ಲೇ ನಾಲ್ಕು ಜಲ್ಲೆ ಮುರಿದು ಕೊಟ್ಟರೆ ಮಕ್ಕಳು ಅಲ್ಲಿಗೇ ಬರುತ್ತಾರೆ.

ಕೊನೆಗೆ, ಮೈದುನನ ಗಾಡಿಗೆ ರೇಡಿಯಂ ಹಾಕಿಸಿದ ಮೇಲೆ ನೀವೇ ಒಂದು ಪರೀಕ್ಷೆ ಮಾಡಿ. ಕಬ್ಬು ಹೇರಿದ ಟ್ರೇಲರನ್ನು ರಾತ್ರಿ ಅಂಗಳದಲ್ಲೋ ಹೊಲದ ದಾರಿಯಲ್ಲೋ ನಿಲ್ಲಿಸಿ. ನೂರು ಹೆಜ್ಜೆ ಹಿಂದಕ್ಕೆ ಹೋಗಿ. ಟಾರ್ಚನ್ನು ಕೈ ಚಾಚಿ ಹಿಡಿಯಬೇಡಿ, ಹಣೆಯ ಪಕ್ಕ, ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ರೇಡಿಯಂ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್‌ ಕಳಿಸುತ್ತದೆ, ಆದ್ದರಿಂದ ದೀಪ ಕಣ್ಣಿನ ಹತ್ತಿರ ಇದ್ದರೆ ಮಾತ್ರ ಸರಿಯಾಗಿ ಗೊತ್ತಾಗುತ್ತದೆ. ಟ್ರೇಲರಿನ ಎರಡೂ ಅಂಚು ಬೇರೆ ಬೇರೆಯಾಗಿ ಕಂಡರೆ ಸರಿ. ಕಾಣದಿದ್ದರೆ ಪಟ್ಟಿಯನ್ನು ಬಿಚ್ಚಿ ಇನ್ನೂ ಮೇಲಕ್ಕೆ, ಕಬ್ಬಿನ ತುದಿಯ ಆಚೆಗೆ ಬರುವ ಹಾಗೆ ಕಟ್ಟಿಸಿ. ನಿಮ್ಮ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮೊದಲು ಪಟ್ಟಿ ಇಲ್ಲದೆ ಒಂದು ಸಲ, ಆಮೇಲೆ ಪಟ್ಟಿ ಕಟ್ಟಿ ಒಂದು ಸಲ ಅವರಿಗೆ ತೋರಿಸಿ.